ಮಾಯದ ಹುಣ್ಣಿಗೆ ಕಾಡುಜೇನು ಹಚ್ಚಬಹುದೇ?

ತಂದೆಯವರಿಗೆ ಸಕ್ಕರೆ ಕಾಯಿಲೆ, ಪಾದದ ಹುಣ್ಣು ತಿಂಗಳುಗಳಿಂದ ಮಾಯುತ್ತಿಲ್ಲ, ಎಚ್.ಡಿ. ಕೋಟೆಯ ಕಾಡುಜೇನು ಹಚ್ಚಬಹುದೇ ಎಂದು ಪಿರಿಯಾಪಟ್ಟಣದ ಓದುಗರೊಬ್ಬರು ಕೇಳಿದ್ದಾರೆ. ನಾಗರಹೊಳೆಯ ಅಂಚಿನ ಹಾಡಿಗಳ ಜೇನುಕುರುಬರು ಹೆಜ್ಜೇನು ಇಳಿಸುವ ಸೀಮೆಯಲ್ಲಿ ಈ ಪ್ರಶ್ನೆ ಸಹಜ.

ಇಂಥ ಹುಣ್ಣನ್ನು ಸುಶ್ರುತ ಸಂಹಿತೆ ದುಷ್ಟವ್ರಣ ಎನ್ನುತ್ತದೆ. ಅದರ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲೇ ಗಾಯಕ್ಕೆ 60 ಉಪಕ್ರಮಗಳಿವೆ: ಕೊಯ್ಯುವುದು, ಕೆರೆಯುವುದು, ಕಷಾಯದಲ್ಲಿ ತೊಳೆಯುವುದು, ಕಟ್ಟು ಕಟ್ಟುವುದು ಇತ್ಯಾದಿ. ಅವುಗಳ ಕ್ರಮವೇ ನನಗೆ ಬೆರಗು: ಮೊದಲು ಶೋಧನ, ಅಂದರೆ ಶುದ್ಧಿ; ಬಳಿಕ ರೋಪಣ, ಅಂದರೆ ಮಾಯಿಸುವುದು. ಕೆ.ಆರ್. ನಗರದ ಭತ್ತದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಳೆ ಕೊಳೆಸಿ, ಕೆಸರು ಹೊಡೆದು, ಮಟ್ಟ ಮಾಡಿದ ಮೇಲೆಯೇ ಅವರು ಪೈರು ನಾಟಿ ಮಾಡುತ್ತಾರೆ. ಹದವಾಗದ ಗದ್ದೆಗೆ ಗೊಬ್ಬರ ಸುರಿದರೆ ಕೊಬ್ಬುವುದು ಕಳೆಯೇ. ಹುಣ್ಣಿನಲ್ಲೂ ಸತ್ತ ಮಾಂಸ, ಕೀವು, ಬ್ಯಾಕ್ಟೀರಿಯಾಗಳ ಅಂಟುಪದರ ಇರುವ ತನಕ ಹೊಸ ಚರ್ಮ ಅಂಚಿನಿಂದ ಒಳಕ್ಕೆ ಹಬ್ಬದು. ಇಂದಿನ ಶಸ್ತ್ರವೈದ್ಯರೂ ಮೊದಲು ತೆಗೆಯುವುದು ಇದನ್ನೇ.

ಜೇನು ಶೋಧನಕ್ಕೂ ಆಗುತ್ತದೆ, ರೋಪಣಕ್ಕೂ ಆಗುತ್ತದೆ ಎನ್ನುತ್ತದೆ ಸಂಹಿತೆ. ಅದರಲ್ಲಿ ನೀರು ಸುಮಾರು ಐದರಲ್ಲೊಂದು ಪಾಲು, ಉಳಿದದ್ದು ಬಹುಪಾಲು ಸಕ್ಕರೆ. ಹಾಗಾಗಿ ಬ್ಯಾಕ್ಟೀರಿಯಾದ ಒಳಗಿನ ನೀರನ್ನೇ ಅದು ಹೀರಿಬಿಡುತ್ತದೆ. ಗಾಯದ ರಸ ಸೇರಿ ಜೇನು ತೆಳುವಾದಾಗ, ಜೇನುಹುಳಗಳು ಬೆರೆಸಿದ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪಸ್ವಲ್ಪವಾಗಿ ಉಂಟುಮಾಡುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಜೊನಾಥನ್ ವೈಟ್ ಇದನ್ನು ಪತ್ತೆಹಚ್ಚಿದರು. 1991ರಲ್ಲಿ ನಮ್ಮ ನೆರೆಯ ಸೊಲ್ಲಾಪುರದ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ, ಸುಟ್ಟಗಾಯದ 104 ರೋಗಿಗಳಲ್ಲಿ ಜೇನನ್ನೂ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನೂ ಹೋಲಿಸಿ ನೋಡಿದರು. ಜೇನು ಹಚ್ಚಿದ ಗಾಯಗಳೇ ಬೇಗ ವಾಸಿಯಾದವು.

ಆದರೆ ಸುಟ್ಟಗಾಯ ಬೇರೆ, ಸಕ್ಕರೆ ಕಾಯಿಲೆಯವರ ಪಾದ ಬೇರೆ. ಅಲ್ಲಿ ನರ ಮಂಕಾಗಿ ನೋವೇ ತಿಳಿಯದು. ನಾಳ ಕಿರಿದಾಗಿ ರಕ್ತ ತಲುಪದು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕೊಕ್ರೇನ್ ಪರಿಶೀಲನೆಗೂ ಇಂಥ ಹುಣ್ಣುಗಳಲ್ಲಿ ಜೇನಿನ ಪರವಾಗಿ ಗಟ್ಟಿ ಆಧಾರ ಸಿಗಲಿಲ್ಲ. ಎಲ್ಲ ಹುಣ್ಣಿಗೂ ಜೇನೊಂದೇ ಸಾಕು ಎನ್ನುವ ಜಾಹೀರಾತನ್ನು ನಂಬಬೇಡಿ. ಕಾಡಿನ ಹಸಿಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು. ಕಾಯಿಸಿದರೆ ಕಿಣ್ವ ಕೆಡುತ್ತದೆ. ಹಾಗಾಗಿಯೇ ಚಿಕಿತ್ಸೆಯ ಜೇನನ್ನು ಗಾಮಾ ಕಿರಣಗಳಿಂದ ಶುದ್ಧಗೊಳಿಸುತ್ತಾರೆ.

ಆದ್ದರಿಂದ ಹೆಜ್ಜೇನನ್ನು ನೇರವಾಗಿ ಹಚ್ಚಬೇಡಿ. ಮೊದಲು ವೈದ್ಯರಿಂದ ಪಾದದ ನಾಡಿ, ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ. ಬೀಡಿಯ ಚಟವಿದ್ದರೆ ಬಿಡಿಸಿ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಿಗೆ ದುಡ್ಡು ತರುವ ಹೊಗೆಸೊಪ್ಪಿನ ನಿಕೋಟಿನ್ನೇ ರಕ್ತನಾಳಗಳನ್ನು ಹಿಂಡುತ್ತದೆ. ಇಷ್ಟಾದ ಮೇಲೆ ವೈದ್ಯರು ಒಪ್ಪಿದರೆ ಶುದ್ಧೀಕರಿಸಿದ ಜೇನಿನ ಪಟ್ಟಿ ಕಟ್ಟಿಸಿ. ಬೆರಳು ಕಪ್ಪಾದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.