ಒಳಗಿನ ಕಾಯಿಲೆಗೆ ಹಳ್ಳಿಯಲ್ಲಿ ವೈದ್ಯರೆಲ್ಲಿ?

ಮಕ್ಕಳು ಓದಿ, ಉದ್ಯೋಗ ಹಿಡಿದು, ಪಟ್ಟಣ ಸೇರಿದ ಮೇಲೆ ಹಳ್ಳಿಯ ದೊಡ್ಡ ಮನೆಯಲ್ಲಿ ಉಳಿಯುವವರು ವಯಸ್ಸಾದ ತಂದೆತಾಯಿಗಳು. ತೋಟ, ಗದ್ದೆ, ದನಕರು, ದೇವರ ಪೂಜೆ ಇವನ್ನೆಲ್ಲ ಬಿಟ್ಟು ನಗರದ ಮೂರು ಕೋಣೆಯ ಮನೆಯಲ್ಲಿ ಬಂದಿರಲು ಅವರು ಒಪ್ಪುವುದಿಲ್ಲ. ಒಪ್ಪಿ ಬಂದರೂ ಹದಿನೈದು ದಿನಗಳಲ್ಲಿ ಊರಿನ ಬಸ್ಸು ಹತ್ತುತ್ತಾರೆ. ಹೀಗಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಅದೆಷ್ಟೋ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಊರಿಗೊಂದು ಫೋನು ಮಾಡುವುದು ನಿತ್ಯವಿಧಿಯೇ ಆಗಿಬಿಟ್ಟಿದೆ. “ಅಪ್ಪನ ಬಿ.ಪಿ. ಹೇಗಿದೆ? ನಿನ್ನ ಕಾಲೂತ ಇಳಿಯಿತೇನಮ್ಮ? ಮಾತ್ರೆ ಇನ್ನೆಷ್ಟು ದಿನಕ್ಕಿದೆ?” ಈ ಪ್ರಶ್ನೆಗಳ ಹಿಂದೆ ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ: ಏನಾದರೂ ಆದರೆ ಅಲ್ಲಿ ನೋಡುವವರು ಯಾರು?

ಕೈ ಮುರಿದರೆ ದಾರಿ ಸ್ಪಷ್ಟವಾಗಿರುತ್ತದೆ. ಹೆರಿಗೆಯ ನೋವು ಬಂದರೂ ಅಷ್ಟೇ, ಎಲ್ಲಿಗೆ ಹೋಗಬೇಕೆಂಬುದು ಮನೆಯವರಿಗೆಲ್ಲ ತಿಳಿದಿರುತ್ತದೆ. ಆದರೆ ಸಂಜೆಯ ಹೊತ್ತಿಗೆ ಬರುವ ಸಣ್ಣ ಜ್ವರ, ಕಾರಣವಿಲ್ಲದೆ ಇಳಿಯುತ್ತಿರುವ ಮೈತೂಕ, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಬರುವ ಏದುಸಿರು, ಬೆಳಗ್ಗೆ ಎದ್ದೊಡನೆ ತಲೆ ತಿರುಗುವುದು, ಇವು ಯಾವ ಅಂಗಕ್ಕೆ ಸೇರಿದ ಕಾಯಿಲೆಗಳು? ಹೃದಯದ್ದೋ, ಮೂತ್ರಪಿಂಡದ್ದೋ, ರಕ್ತದ್ದೋ, ಅಥವಾ ನುಂಗುತ್ತಿರುವ ಮಾತ್ರೆಯದ್ದೋ? ಈ ಗಂಟನ್ನು ಬಿಡಿಸಬೇಕಾದವರೇ ಫಿಜಿಷಿಯನ್, ಎಂದರೆ ಕತ್ತಿ ಹಿಡಿಯದ ವೈದ್ಯರು. ಅವರ ವಿದ್ಯೆಗೆ ಜರ್ಮನರು ‘ಒಳ ವೈದ್ಯ’ ಎಂಬರ್ಥದ ಹೆಸರಿಟ್ಟರು. ಆ ಹೆಸರಿನ ಮೊದಲ ಸಮ್ಮೇಳನ 1882ರಲ್ಲಿ ವೀಸ್‌ಬಾಡೆನ್ ನಗರದಲ್ಲಿ ಸೇರಿತ್ತು. ನಮ್ಮ ಕಾಲೇಜುಗಳಲ್ಲಿ ಅದಕ್ಕೆ ‘ಜನರಲ್ ಮೆಡಿಸಿನ್’ ಎಂದು ಹೆಸರು. ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಮತ್ತೆ ಮೂರು ವರ್ಷ ಓದಿದವರಿಗೆ ಈ ವಿಷಯದಲ್ಲಿ ಎಂ.ಡಿ. ಪದವಿ ದೊರೆಯುತ್ತದೆ. ‘ಜನರಲ್’ ಎಂಬ ಮಾತನ್ನು ಕೇಳಿ ಇದು ಸಾಮಾನ್ಯವಾದದ್ದೆಂದು ತಿಳಿದವರೇ ಹೆಚ್ಚು. ಇಡೀ ಮನುಷ್ಯನನ್ನು ನೋಡುವ ವಿದ್ಯೆಗೆ ಇದಕ್ಕಿಂತ ಹಗುರವಾದ ಹೆಸರು ಸಿಕ್ಕುವುದು ಕಷ್ಟ!

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ಸಕ್ಕರೆ ಕಾಯಿಲೆ. ನಗರದ ದೊಡ್ಡ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗುವ ಶಿಸ್ತಿನ ಹೆಂಗಸು. ಅವರು ತಿಂಗಳಿಗೆರಡು ಸಲ ಮಧ್ಯಾಹ್ನದ ಹೊತ್ತಿಗೆ ಬೆವೆತು, ಕೈ ನಡುಗಿ, ಕುಸಿದು ಕೂರುತ್ತಾರೆ. ನೆರೆಯವರು ಬಿ.ಪಿ. ಎನ್ನುತ್ತಾರೆ, ನಾದಿನಿ ದೃಷ್ಟಿ ತೆಗೆಯುತ್ತಾಳೆ, ಮಗ ತಲೆಯ ಸ್ಕ್ಯಾನಿಂಗ್‌ಗೆ ಹಣ ಕಳುಹಿಸುತ್ತಾನೆ. ಹತ್ತಿರದ ಊರಿನ ಫಿಜಿಷಿಯನ್ ಒಬ್ಬರು ಯಂತ್ರವನ್ನು ಮುಟ್ಟುವ ಮೊದಲು ಕೇಳುವುದು ಒಂದೇ ಪ್ರಶ್ನೆ: “ಅಮ್ಮಾ, ಆ ದಿನ ಏನು ಊಟ ಮಾಡಿದ್ದಿರಿ?” “ಏಕಾದಶಿಯಲ್ವೇನಪ್ಪಾ, ಊಟ ಎಲ್ಲಿಂದ ಬಂತು!” ಉಪವಾಸವೂ ಸಕ್ಕರೆಯನ್ನು ಇಳಿಸುತ್ತದೆ, ಮಾತ್ರೆಯೂ ಇಳಿಸುತ್ತದೆ, ಎರಡೂ ಕೂಡಿದರೆ ಮಿದುಳಿಗೆ ಬೇಕಾದಷ್ಟು ಸಕ್ಕರೆ ರಕ್ತದಲ್ಲಿ ಉಳಿಯುವುದಿಲ್ಲ. ಇಲ್ಲಿ ರೋಗವನ್ನು ಕಂಡುಹಿಡಿದದ್ದು ಪಂಚಾಂಗ ಬಲ್ಲ ವೈದ್ಯರ ಕಿವಿ. ನೂರಾರು ಮೈಲಿ ದೂರದ ನಗರದಲ್ಲಿ, ವರ್ಷಕ್ಕೊಮ್ಮೆ ಹತ್ತು ನಿಮಿಷ ನೋಡುವ ತಜ್ಞರು ಎಷ್ಟೇ ಪಂಡಿತರಾಗಿರಲಿ, ಈ ಪ್ರಶ್ನೆ ಅವರಿಗೆ ಹೊಳೆಯುವುದು ಕಷ್ಟ.

ಮಲೆನಾಡಿನ ಜ್ವರಗಳದ್ದು ಇನ್ನೊಂದು ಕಥೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ತೀವ್ರವಾದ ಜ್ವರ ಬಂದಿತು. ಉಣುಗಿನ ಕಡಿತದಿಂದ ಬರುವ ಹೊಸ ವೈರಸ್ ರೋಗವದು ಎಂದು ಲೋಕಕ್ಕೆ ತಿಳಿದದ್ದು ಆಗಲೇ. ಇಂದು ಅದೇ ಸೀಮೆಯಲ್ಲಿ ಮಂಗನ ಕಾಯಿಲೆಯ ಜೊತೆಗೆ ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್ ಎಲ್ಲವೂ ಉಂಟು. ಮೊದಲ ಎರಡು ದಿನ ಎಲ್ಲವೂ ಒಂದೇ ವೇಷದಲ್ಲಿ ಬರುತ್ತವೆ: ಜ್ವರ, ತಲೆನೋವು, ಮೈಕೈ ನೋವು. ಆದರೆ ಚಿಕಿತ್ಸೆ ಒಂದೇ ಅಲ್ಲ. ಇಲಿ ಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆ ಸಾಕಾಗುತ್ತದೆ, ಹೊತ್ತಿಗೆ ಸರಿಯಾಗಿ ಕೊಟ್ಟರೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡಗಳು ಸೋಲುತ್ತವೆ. ಸ್ಕ್ರಬ್ ಟೈಫಸ್ ಹರಡುವ ಹುಳು ಕಚ್ಚಿದಲ್ಲಿ ಸಣ್ಣ ಕಪ್ಪು ಹಕ್ಕಳೆ ಉಳಿಯುವುದುಂಟು, ಅದೂ ಹೆಚ್ಚಾಗಿ ಕಂಕುಳಲ್ಲಿ, ತೊಡೆಸಂದಿಯಲ್ಲಿ. ಬಟ್ಟೆ ಸರಿಸಿ ನೋಡುವ ವ್ಯವಧಾನವಿರುವ ವೈದ್ಯರಿಗೆ ಮಾತ್ರ ಅದು ಕಾಣಿಸುತ್ತದೆ.

ಇಂಥ ವೈದ್ಯರು ಹಳ್ಳಿಗೆ ಬೇಕೆಂಬುದು ಹೊಸ ಮಾತೇನಲ್ಲ. ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿಯೇ ಊರೂರಿಗೆ ಆರೋಗ್ಯ ಕೇಂದ್ರಗಳ ನಕ್ಷೆಯನ್ನು ಹಾಕಿಕೊಟ್ಟಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಅದರೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಕಣ್ತೆರೆದವು. ಅನಂತರದ ಲೆಕ್ಕಾಚಾರ ಹೀಗಿದೆ: ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಕೇಂದ್ರ, ಅಲ್ಲಿ ಎಂ.ಬಿ.ಬಿ.ಎಸ್. ವೈದ್ಯರು, 1,20,000 ಜನಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ, ಅಲ್ಲಿ ಶಸ್ತ್ರವೈದ್ಯರು, ಹೆರಿಗೆ ತಜ್ಞರು, ಮಕ್ಕಳ ತಜ್ಞರು ಮತ್ತು ಒಬ್ಬ ಫಿಜಿಷಿಯನ್. ಕಾಗದದ ಮೇಲೆ ಚೆಲುವಾದ ಏರ್ಪಾಡು. ಕೇಂದ್ರ ಸರ್ಕಾರದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳನ್ನು ತೆರೆದು ನೋಡಿದರೆ, ದೇಶದ ಹಳ್ಳಿಗಾಡಿನ ಸಮುದಾಯ ಕೇಂದ್ರಗಳಿಗೆ ಬೇಕಾಗಿದ್ದ ಫಿಜಿಷಿಯನ್‌ಗಳಲ್ಲಿ ಶೇಕಡ 79ರಷ್ಟು ಕೊರತೆ. ಐದು ಕುರ್ಚಿಗಳಲ್ಲಿ ನಾಲ್ಕು ಖಾಲಿ!

ವೈದ್ಯರಿಗೆ ಸೇವಾಭಾವವಿಲ್ಲ ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಫಿಜಿಷಿಯನ್ನರ ಕಷ್ಟ ಬೇರೆ ಬಗೆಯದು. ಅವರ ಆಯುಧವೆಂದರೆ ಪ್ರಯೋಗಾಲಯ. ರಕ್ತದ ಸೋಡಿಯಂ ಎಷ್ಟು, ಕ್ರಿಯಾಟಿನಿನ್ ಎಷ್ಟು ಎಂದು ಅದೇ ದಿನ ಹೇಳುವವರಿಲ್ಲದಿದ್ದರೆ, ರಾತ್ರಿ ರೋಗಿಯ ನಾಡಿ ಉಸಿರುಗಳನ್ನು ಗಂಟೆಗೊಮ್ಮೆ ಬರೆದಿಡುವ ದಾದಿಯರಿಲ್ಲದಿದ್ದರೆ, ಹತ್ತು ವರ್ಷ ಓದಿದ ವಿದ್ಯೆ ಗಾರೆಯಿಲ್ಲದ ಮೇಸ್ತ್ರಿಯ ಕೈಯಂತಾಗುತ್ತದೆ. ಒಬ್ಬರೇ ಇರುವ ಕಡೆ ವರ್ಷದ ಮುನ್ನೂರ ಅರವತ್ತೈದು ರಾತ್ರಿಯೂ ಅವರದೇ ಸರದಿ. ಅನುಮಾನ ಬಂದಾಗ ಕೇಳಲು ಪಕ್ಕದ ಕೋಣೆಯಲ್ಲಿ ಇನ್ನೊಬ್ಬರಿಲ್ಲ. ಹೆಂಡತಿಯ ಉದ್ಯೋಗ, ಮಕ್ಕಳ ಶಾಲೆ ಇವು ಪಟ್ಟಣದ ಓದುಗರಿಗೆ ವಿವರಿಸಿ ಹೇಳಬೇಕಾದ ಸಂಗತಿಗಳಲ್ಲ: ಅವರು ಹಳ್ಳಿ ಬಿಟ್ಟದ್ದೂ ಇವಕ್ಕಾಗಿಯೇ ಅಲ್ಲವೆ? ರೋಗಿ ತೀರಿಕೊಂಡಾಗ ಸಿಟ್ಟಿಗೆದ್ದ ಜನ ಕೈಮಾಡುವುದನ್ನು ತಡೆಯಲು ಕರ್ನಾಟಕ 2009ರಲ್ಲಿ ಒಂದು ಕಾಯಿದೆಯನ್ನೇ ತರಬೇಕಾಯಿತು.

ಸರ್ಕಾರ ಸುಮ್ಮನೆ ಕುಳಿತಿಲ್ಲ. ವೈದ್ಯ ಪದವಿ ಪಡೆದವರು ಒಂದು ವರ್ಷ ಸರ್ಕಾರಿ ಸೇವೆ ಸಲ್ಲಿಸಬೇಕೆಂದು ರಾಜ್ಯದಲ್ಲಿ 2012ರ ಕಾಯಿದೆ ಬಂದಿತು. ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ರಾಷ್ಟ್ರೀಯ ಆರೋಗ್ಯ ಅಭಿಯಾನದವರು ‘ಸಂಬಳ ಎಷ್ಟೆಂದು ನೀವೇ ಹೇಳಿ, ನಾವು ಕೊಡುತ್ತೇವೆ’ ಎಂಬ ನೀತಿಯನ್ನೂ ತಂದರು. ಈಚೆಗೆ ಎಂ.ಡಿ. ಓದುವವರೆಲ್ಲ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕೆಂಬ ನಿಯಮವಾಗಿದೆ. ಇವುಗಳಿಂದ ಕುರ್ಚಿ ತುಂಬೀತು, ನಿಜ. ಆದರೆ ಒಂದು ವರ್ಷಕ್ಕೆ ಬಂದ ವೈದ್ಯರು, ಯಾರ ಮನೆಯಲ್ಲಿ ಯಾರಿಗೆ ಏನು ಕಾಯಿಲೆಯೆಂಬುದು ಬಾಯಿಪಾಠವಾಗುವ ಹೊತ್ತಿಗೆ ಗಂಟು ಕಟ್ಟುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಾದರೋ ವರ್ಷಕ್ಕೆ ಮುಗಿಯುವ ಕಾಯಿಲೆಗಳಲ್ಲ.

ಉಳಿದವರೂ ಉಂಟು. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು; ಕುಡುಗೋಲಿನಾಕಾರದ ರಕ್ತಕಣಗಳ ವಂಶಪಾರಂಪರ್ಯ ಕಾಯಿಲೆ, ಸಿಕಲ್ ಸೆಲ್ ರಕ್ತಹೀನತೆ, ಸೋಲಿಗರಲ್ಲಿಯೂ ಇದೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಆರಂಭಿಸಿದ ಸಂಸ್ಥೆ ಸರಗೂರಿನಲ್ಲಿ ಆಸ್ಪತ್ರೆಯಾಗಿ ಬೆಳೆಯಿತು. ಆದರೆ ಇಂಥವರನ್ನು ತೋರಿಸಿ ಎಲ್ಲರೂ ಹೀಗಾಗಲಿ ಎನ್ನುವುದು ವ್ಯವಸ್ಥೆಯ ಮಾತಾಗುವುದಿಲ್ಲ, ಹಾರೈಕೆಯಾದೀತು.

ದೂರವನ್ನು ತಂತಿಯಿಂದ ಕಿರಿದುಮಾಡುವ ಪ್ರಯತ್ನಗಳು ಹೆಚ್ಚು ಫಲ ಕೊಟ್ಟಿವೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಗೆರೆಗಳನ್ನು ನೋಡಿ ಹಳ್ಳಿಯ ವೈದ್ಯರಿಗೆ ಸಲಹೆ ಕೊಡುವ ಏರ್ಪಾಡು ಮಾಡಿದರು. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯದೂ ಇದೇ ಹಾದಿ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ಪರೀಕ್ಷಿಸುತ್ತಾರೆ.

ಹಾಗಾದರೆ ಊರಿನಲ್ಲಿ ತಂದೆತಾಯಿಗಳಿರುವ ಮಕ್ಕಳು ವೈದ್ಯರನ್ನು ಹುಡುಕುವುದೆಲ್ಲಿ? ಮೊದಲು ನೋಡಬೇಕಾದದ್ದು ತಾಲ್ಲೂಕು ಆಸ್ಪತ್ರೆ. ಹೋಬಳಿಯ ಕೇಂದ್ರದಲ್ಲಿ ಸಿಗದ ಫಿಜಿಷಿಯನ್ ಅಲ್ಲಿರುವ ಸಂಭವ ಹೆಚ್ಚು. ಯಾವ ದಿನ, ಎಷ್ಟು ಹೊತ್ತಿಗೆ ಹೊರರೋಗಿಗಳನ್ನು ನೋಡುತ್ತಾರೆಂಬುದನ್ನು ಊರಿನ ಆಶಾ ಕಾರ್ಯಕರ್ತೆಯೇ ಹೇಳಿಯಾಳು. ಖಾಸಗಿ ವೈದ್ಯರಾದರೆ ಫಲಕವನ್ನು ಓದಬೇಕು. ಎಂ.ಡಿ. ಎಂದಷ್ಟೇ ಬರೆದಿದ್ದರೆ ಸಾಲದು: ಚರ್ಮರೋಗಕ್ಕೂ ಎಂ.ಡಿ. ಉಂಟು, ಆಯುರ್ವೇದಕ್ಕೂ ಉಂಟು. ಯಾವ ವಿಷಯದಲ್ಲಿ ಎಂಬುದು ಮುಖ್ಯ. ಪದವಿಯೇ ಇಲ್ಲದೆ ಸೂಜಿ ಹಿಡಿದವರನ್ನು ಬೇರ್ಪಡಿಸಲೆಂದು, ಖಾಸಗಿ ಚಿಕಿತ್ಸಾಲಯಗಳು ನೋಂದಣಿ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಫಲಕದ ಮೇಲೆ ಬರೆಯಬೇಕೆಂದು 2024ರಲ್ಲಿ ಸರ್ಕಾರ ಆಜ್ಞೆ ಮಾಡಿತು. ಅಲೋಪಥಿಗೆ ತಿಳಿನೀಲಿ, ಆಯುರ್ವೇದಕ್ಕೆ ತಿಳಿಹಸಿರು ಎಂದು ಫಲಕಕ್ಕೆ ಬಣ್ಣವನ್ನೂ ಗೊತ್ತುಮಾಡಿತು.

ಹೆಸರುವಾಸಿಯಾದವರನ್ನೇ ಹುಡುಕುವುದು ಪಟ್ಟಣದವರ ದೌರ್ಬಲ್ಯ. ಅಪ್ಪನನ್ನು ವರ್ಷಕ್ಕೊಮ್ಮೆ ಬೆಂಗಳೂರಿಗೆ ಕರೆತಂದು, ನಾಲ್ವರು ತಜ್ಞರಿಗೆ ತೋರಿಸಿ, ಹನ್ನೊಂದು ಮಾತ್ರೆಗಳೊಡನೆ ಬಸ್ಸಿಗೆ ಹತ್ತಿಸಿದರೆ ಕರ್ತವ್ಯ ಮುಗಿಯಿತೆಂದು ಎಣಿಸುವವರುಂಟು. ಊರಿಗೆ ಹೋದ ಮೇಲೆ ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆ ಹನ್ನೆರಡನೆಯದಾಗಿ ಸೇರುತ್ತದೆ. ಬಿ.ಪಿ.ಯ ಕೆಲವು ಔಷಧಗಳ ಜೊತೆಗೆ ನೋವಿನ ಮಾತ್ರೆ ಬಹುಕಾಲ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ಅದನ್ನು ಗಮನಿಸಿ ಒಂದನ್ನು ನಿಲ್ಲಿಸುವ ಅಧಿಕಾರ ಆ ನಾಲ್ವರಲ್ಲಿ ಯಾರಿಗೂ ಸೇರಿದ್ದಲ್ಲ. ಒಂದು ಗಂಟೆಯ ಪ್ರಯಾಣದಲ್ಲಿ ಸಿಗುವ, ಮೂರು ತಿಂಗಳಿಗೊಮ್ಮೆ ಅದೇ ರೋಗಿಯನ್ನು ನೋಡುವ ಸಾಧಾರಣ ಹೆಸರಿನ ಫಿಜಿಷಿಯನ್ ಆ ನಾಲ್ವರಿಗಿಂತ ಮೇಲು. ಅವರೂ ಇಲ್ಲದ ಕಡೆ ಪ್ರಾಥಮಿಕ ಕೇಂದ್ರದ ಎಂ.ಬಿ.ಬಿ.ಎಸ್. ವೈದ್ಯರನ್ನೇ ಆಶ್ರಯಿಸಿ, ತಾಲ್ಲೂಕಿನ ತಜ್ಞರ ಸಲಹೆಯನ್ನು ಅವರ ಮೂಲಕ ಪಡೆಯುವುದು ಸರಿಯಾದ ಮಾರ್ಗ.

ವೈದ್ಯರು ಬದಲಾದರೂ ಬದಲಾಗದೆ ಉಳಿಯಬೇಕಾದದ್ದು ಮನೆಯ ಕಡತ. ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಒಗ್ಗದ ಔಷಧದ ಹೆಸರು, ಕಳೆದ ವರ್ಷದ ಕ್ರಿಯಾಟಿನಿನ್, ಹಳೆಯ ಇ.ಸಿ.ಜಿ. ಇವೆಲ್ಲ ಒಂದೇ ಚೀಲದಲ್ಲಿದ್ದು, ಆ ಚೀಲ ಎಲ್ಲಿದೆಯೆಂಬುದು ಪಕ್ಕದ ಮನೆಯವರಿಗೂ ತಿಳಿದಿರಬೇಕು. ನಡುರಾತ್ರಿ 108ರ ವಾಹನ ಬಂದಾಗ ಹುಡುಕುತ್ತ ಕೂರಲಾಗದು. ಇ.ಸಿ.ಜಿ.ಯ ಕಾಗದದ ಮೇಲಿನ ಗೆರೆಗಳು ಒಂದೆರಡು ವರ್ಷಗಳಲ್ಲಿ ಮಾಸಿಹೋಗುವುದುಂಟು; ಆದ್ದರಿಂದ ತೆಗೆಸಿದ ವಾರದಲ್ಲಿಯೇ ಅದರದೊಂದು ಜೆರಾಕ್ಸ್ ಪ್ರತಿಯನ್ನು ಮಾಡಿಸಿಡಬೇಕು. ಎದೆನೋವೆಂದು ಬಂದ ರೋಗಿಯ ಹೊಸ ಗೆರೆಗಳನ್ನು ಹೋಲಿಸಿ ನೋಡಲು ವೈದ್ಯರು ಕೇಳುವುದು ಹಳೆಯ ಆ ಗೆರೆಗಳನ್ನೇ.