ಲಕ್ವದ ನಂತರದ ಫಿಟ್ಸ್: ಮನೆಯವರು ತಿಳಿದಿರಲಿ

ಲಕ್ವ ಹೊಡೆದ ಹಿರಿಯರು ಕೆಲವು ತಿಂಗಳಲ್ಲಿ ಚೇತರಿಸಿಕೊಂಡು ಮತ್ತೆ ಅಂಗಡಿಯ ಗಾದಿಯ ಮೇಲೆ ಕುಳಿತರೆ ಮನೆಮಂದಿಗೆಲ್ಲ ಸಮಾಧಾನ. ಅಂಥ ಹೊತ್ತಿನಲ್ಲೇ ಒಂದು ದಿನ ಅವರ ಕೈ ಅದುರಿ, ಬಾಯಿ ವಾರೆಯಾಗಿ, ಎಚ್ಚರ ತಪ್ಪಬಹುದು. ಇದು ಯಾರ ದೃಷ್ಟಿಯೂ ತಾಗಿದ್ದಲ್ಲ. ಮೆದುಳಿನಲ್ಲಿ ಉಳಿದ ಗಾಯದ ಕಲೆಯ ಸುತ್ತ ವಿದ್ಯುತ್ ಸಂಚಾರ ಏರುಪೇರಾದಾಗ ಫಿಟ್ಸ್ ಬರುತ್ತದೆ.

ಲಕ್ವವಾದ 7 ದಿನಗಳೊಳಗೆ ಬಂದ ಫಿಟ್ಸ್ ಮರುಕಳಿಸದೆ ಹೋಗಬಹುದು. ಅನಂತರ ಬಂದದ್ದು ಮರುಕಳಿಸುವ ಸಂಭವ ಹೆಚ್ಚು. ಅದಕ್ಕೆ ದೀರ್ಘಕಾಲ ಮಾತ್ರೆ ಬೇಕಾಗುತ್ತದೆ.

ಫಿಟ್ಸ್ ಬಂದಾಗ ಮೊದಲು ಗಡಿಯಾರ ನೋಡಿಕೊಳ್ಳಿ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ. ಕೈಯಲ್ಲಿ ಕೀಲಿಕೈ ಹಿಡಿಸಿ ಪ್ರಯೋಜನವಿಲ್ಲ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಕೂಡದು. ಮೊದಲ ಸಲ ಬಂದರೆ, 5 ನಿಮಿಷ ಮೀರಿದರೆ, ಮೇಲಿಂದ ಮೇಲೆ ಬಂದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಫಿಟ್ಸ್ ನಿಂತ ಮೇಲೆ ಕೈಕಾಲು ಸೋತರೂ ಕಾಯುತ್ತ ಕೂಡಬೇಡಿ. ಅದು ಮತ್ತೊಂದು ಲಕ್ವವೋ ಅಲ್ಲವೋ ಎಂಬುದನ್ನು ವೈದ್ಯರೇ ಹೇಳಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ಹಿರಿಯರಿಗೆ ರಾತ್ರಿಯ ಮಾತ್ರೆ ತಪ್ಪುತ್ತದೆ. ಪರ್ವದ ಉಪವಾಸದಲ್ಲಿ ಹಗಲಿನದೂ ತಪ್ಪುತ್ತದೆ. ಫಿಟ್ಸ್ ಮರಳಿ ಬರಲು ಅಷ್ಟೇ ಸಾಕು. ವ್ರತದ ವಿಷಯವನ್ನು ವೈದ್ಯರಿಂದ ಮುಚ್ಚಿಡಬೇಡಿ. ಹೊತ್ತು ಮುಳುಗುವ ಮೊದಲೇ ತೆಗೆದುಕೊಳ್ಳುವಂತೆ ಅನೇಕ ಮಾತ್ರೆಗಳ ವೇಳೆಯನ್ನು ಅವರು ಹೊಂದಿಸಿಕೊಡಬಲ್ಲರು. ನೀವಾಗಿ ವೇಳೆ ಬದಲಿಸುವುದು, ಮಾತ್ರೆ ನಿಲ್ಲಿಸುವುದು ಬೇಡ. ಉಪವಾಸ ಬೇಡವೆಂದು ವೈದ್ಯರು ಹೇಳಿದರೆ ಹಿರಿಯರು ನೊಂದುಕೊಳ್ಳಬೇಕಿಲ್ಲ. ಸ್ವಾಧ್ಯಾಯವೂ ತಪವೇ ಅಲ್ಲವೇ?