ಆರು ಬರೆ, ಕೈಯಲ್ಲಿ ಐದು

ಆ.ನೇ. ಉಪಾಧ್ಯೆಯವರನ್ನು ಕನ್ನಡಿಗರು ಪ್ರಾಕೃತ ವಿದ್ವಾಂಸರೆಂದು, 1967ರ ಶ್ರವಣಬೆಳಗೊಳ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೆಂದು ನೆನೆಯುತ್ತಾರೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಅವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ 1930ರಿಂದ ಮೂವತ್ತು ವರ್ಷಕ್ಕೂ ಮಿಕ್ಕಿ ಅರ್ಧಮಾಗಧಿ ಕಲಿಸಿದರು. ಹೀರಾಲಾಲ್ ಜೈನ್ ಅವರೊಡನೆ ಅವರು ಸಂಪಾದಿಸುತ್ತಿದ್ದ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ 1963ರಲ್ಲಿ ಒಂದು ಗಣಿತದ ಪುಸ್ತಕ ಹೊರಬಂತು. ಅದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಉಪಾಧ್ಯೆಯವರ ಕೆಲಸದಲ್ಲಿ ಈ ಪುಸ್ತಕದ ಮಾತು ಬರುವುದು ಕಡಿಮೆ. ನನಗೆ ಮಾತ್ರ ಇಂದಿನ ಕಂಪ್ಯೂಟರ್ ಚಿಪ್ಪುಗಳ ಒಂದು ದೊಡ್ಡ ತಲೆನೋವು ಅದರ ಗುಣಾಕಾರದ ಭಾಗದಲ್ಲೇ ಕಾಣುತ್ತದೆ.

ಮಹಾವೀರ ಹೇಳುವ ಕ್ರಮಕ್ಕೆ ಕವಾಟಸಂಧಿ ಎಂದು ಹೆಸರು. ಗುಣ್ಯ, ಗುಣಕಗಳನ್ನು ಬಾಗಿಲಿನ ಎರಡು ಕದಗಳಂತೆ ಜೋಡಿಸಿ, ಒಂದನ್ನು ಸ್ಥಾನದಿಂದ ಸ್ಥಾನಕ್ಕೆ ಸರಿಸುತ್ತ, ಹಲಗೆಯ ಮೇಲಿನ ಅಂಕಿ ಅಳಿಸಿ ಹೊಸದನ್ನು ಬರೆಯುತ್ತ ಹೋಗುವುದು. ಅಭ್ಯಾಸಕ್ಕೆ ಅವನು ಕೊಡುವ ಕೆಲವು ಲೆಕ್ಕಗಳ ಉತ್ತರಗಳು ಕಂಠಹಾರಗಳು! ಅವುಗಳಲ್ಲೊಂದು 152207 × 73. ಮೂರರ ಸಾಲು 456621. ಏಳರ ಸಾಲು ಒಂದು ಸ್ಥಾನ ಸರಿದು 10654490. ಈಗ ಕೂಡಿ ನೋಡಿ. ಬಿಡಿಸ್ಥಾನದಲ್ಲಿ ಒಂದು. ಹತ್ತರಲ್ಲಿ ಎರಡೂ ಒಂಬತ್ತೂ ಸೇರಿ ಹನ್ನೊಂದು: ಒಂದು ಬರೆ, ಕೈಯಲ್ಲಿ ಒಂದು. ನೂರರಲ್ಲಿ ಆರೂ ನಾಲ್ಕೂ ಹತ್ತೇ. ಕೈಯಲ್ಲಿದ್ದ ಒಂದು ಸೇರಿದರೆ ಮತ್ತೆ ಹನ್ನೊಂದು. ಹೀಗೆ ಸಾಲಾಗಿ ಐದು ಸ್ಥಾನಗಳಲ್ಲೂ ಹನ್ನೊಂದು. ಉತ್ತರ 11111111. ಒಂದೊಂದು ಸ್ಥಾನವೂ ತನ್ನ ಬಲಗಡೆಯದು ಮುಗಿಯುವ ತನಕ ಕಾಯಲೇಬೇಕು. ಗಡಹಿಂಗ್ಲಜ ಕಡೆಯ ಕನ್ನಡ ಮನೆಗಳ ಮಕ್ಕಳು “ಏಳೆಂಟಲೆ ಐವತ್ತಾರು, ಆರು ಬರೆ, ಕೈಯಲ್ಲಿ ಐದು” ಎನ್ನುತ್ತ ಎಡಕ್ಕೆ ಸಾಗಿಸುವ ಆ ದಶಕವೇ ಈ ಕಥೆಯ ಕೇಂದ್ರ.

ಸಂಖ್ಯೆ ಬೆಳೆದಂತೆ ಕೆಲಸವೂ ಬೆಳೆಯುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರಿಗೆ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7,686,369,774,870 ಮತ್ತು 2,465,099,745,779 ಎಂಬ ಸಂಖ್ಯೆಗಳನ್ನು ಕೊಟ್ಟಾಗ ಅವರು 28 ಸೆಕೆಂಡಿನಲ್ಲಿ ಗುಣಲಬ್ಧ ಹೇಳಿದರು. ಹದಿಮೂರು ಅಂಕಿಗೆ ಹದಿಮೂರು ಅಂಕಿ: ಶಾಲೆಯ ಕ್ರಮದಲ್ಲಾದರೆ 169 ಪುಟ್ಟ ಗುಣಾಕಾರ, ಜೊತೆಗೆ ಅವುಗಳ ದಶಕಗಳು. ಅಂಕಿ ಇಮ್ಮಡಿಯಾದರೆ ಕೆಲಸ ನಾಲ್ಕುಮಡಿ.

ಇದಕ್ಕಿಂತ ಕಡಿಮೆಯಲ್ಲಿ ಆಗದು ಎಂದೇ ರಷ್ಯಾದ ಮಹಾಗಣಿತಜ್ಞ ಕೊಲ್ಮೊಗೊರೊವ್ ನಂಬಿದ್ದರು. 1960ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಗೋಷ್ಠಿಯೊಂದರಲ್ಲಿ ಅವರು ಹಾಗೆಂದಾಗ ಕೇಳುತ್ತ ಕುಳಿತಿದ್ದ ಇಪ್ಪತ್ಮೂರರ ಅನತೋಲಿ ಕರತ್ಸುಬಾ, ವಾರದೊಳಗೆ ಆ ನಂಬಿಕೆಯನ್ನು ಮುರಿದರು. 23 × 14 ತೆಗೆದುಕೊಳ್ಳಿ. ಎರಡೊಂದಲೆ ಎರಡು, ಮೂರ್ನಾಲ್ಕಲೆ ಹನ್ನೆರಡು. ಅಂಕಿಗಳನ್ನು ಕೂಡಿ 5 × 5 ಮಾಡಿದರೆ 25. ಅದರಲ್ಲಿ ಎರಡನ್ನೂ ಹನ್ನೆರಡನ್ನೂ ಕಳೆದರೆ 11. ಆಗ 200, 110, 12 ಕೂಡಿ 322. ನಾಲ್ಕು ಗುಣಾಕಾರದ ಜಾಗದಲ್ಲಿ ಮೂರು! ಸಂಖ್ಯೆಯನ್ನು ಮತ್ತೆ ಮತ್ತೆ ಅರ್ಧ ಮಾಡುತ್ತ ಹೋದರೆ ಉಳಿತಾಯವೂ ಮತ್ತೆ ಮತ್ತೆ ಸಿಗುತ್ತದೆ. ಕೊಲ್ಮೊಗೊರೊವ್ ತಾವೇ ಅದನ್ನು ಬರೆದು, ಶಿಷ್ಯನ ಹೆಸರಿನಲ್ಲಿ 1962ರಲ್ಲಿ ಪ್ರಕಟಿಸಿದರು. ತನ್ನ ಊಹೆಯನ್ನು ಸುಳ್ಳಾಗಿಸಿದವನಿಗೆ ಗುರು ಕೊಟ್ಟ ಈ ಮನ್ನಣೆ ನನಗೆ ತುಂಬ ದೊಡ್ಡದೆನಿಸುತ್ತದೆ.

ಇಚಲಕರಂಜಿಯ ನೂಲಿನ ವ್ಯಾಪಾರಿ ಫೋನಿನಲ್ಲಿ ಬ್ಯಾಂಕಿನ ತಾಣ ತೆರೆದಾಗ ಆ ತಾಣ ಅಸಲಿಯೇ ಎಂದು ಖಾತ್ರಿ ಮಾಡುವ ಡಿಜಿಟಲ್ ಸಹಿಗೆ ಇಂಥ ಗುಣಾಕಾರ ಬೇಕು. ಅಂಥ ಸಹಿಗೆ ಬಳಸುವ ಆರ್‌ಎಸ್‌ಎ ಪದ್ಧತಿಯ 2048 ಬಿಟ್ಟಿನ ಸಂಖ್ಯೆಯೆಂದರೆ 617 ಅಂಕಿ. ಚಿಪ್ಪು ಒಮ್ಮೆಗೆ ಹಿಡಿಯುವುದು 64 ಬಿಟ್. ಶಕುಂತಲಾ ದೇವಿಯವರ ಲೆಕ್ಕದ ಸಂಖ್ಯೆಗಳು ಅಷ್ಟರಲ್ಲೇ ಹಿಡಿಯುತ್ತವೆ, ಒಂದೇ ಆಜ್ಞೆಗೆ ಉತ್ತರ ಬಂದುಬಿಡುತ್ತದೆ. 2048 ಬಿಟ್ಟನ್ನು ಮಾತ್ರ 32 ತುಂಡು ಮಾಡಬೇಕು. ಹಳೆಯ ಕ್ರಮದಲ್ಲಿ 1024 ಗುಣಾಕಾರ. ಕರತ್ಸುಬಾ ಒಮ್ಮೆ ಬಳಸಿದರೆ 768.

ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಕರತ್ಸುಬಾ ಉಪಾಯ ಗುಣಾಕಾರ ಉಳಿಸಿ ಕೂಡು-ಕಳೆಗಳನ್ನು ಹೆಚ್ಚಿಸುತ್ತದೆ. ಇಂದಿನ ಪ್ರೊಸೆಸರ್ ಗಡಿಯಾರದ ಮಿಡಿತಕ್ಕೊಂದು ಗುಣಾಕಾರ ಶುರುಮಾಡಬಲ್ಲದು. ಗುಣಿಸುವುದು ಅಗ್ಗವಾಯಿತು, ಕೈಯಲ್ಲಿ ಉಳಿದದ್ದನ್ನು ಸಾಗಿಸುವುದೇ ತುಟ್ಟಿಯಾಯಿತು. ಇಂಟೆಲ್ ಬಳಗದ ಚಿಪ್ಪುಗಳಲ್ಲಿ ಆ ದಶಕಕ್ಕೆ ಇದ್ದದ್ದು ಒಂದೇ ಬಿಟ್ಟಿನ ಗುರುತು. ನಡುವೆ ಇನ್ನೊಂದು ಗುಣಾಕಾರ ಬಂದರೆ ಅದು ಅಳಿಸಿಹೋಗುತ್ತಿತ್ತು. 2013ರಲ್ಲಿ ಆ ಗುರುತನ್ನು ಮುಟ್ಟದೆ ಗುಣಿಸುವ ಮಲ್‌ಎಕ್ಸ್ ಎಂಬ ಆಜ್ಞೆ ಬಂತು. ಮರುವರ್ಷ ಕೂಡುವುದಕ್ಕೆ ಇನ್ನೆರಡು ಆಜ್ಞೆಗಳು ಸೇರಿದವು. ಒಂದು ಹಳೆಯ ಗುರುತನ್ನೇ ಬಳಸಿದರೆ, ಮತ್ತೊಂದು ಬೇರೆ ಕೆಲಸಕ್ಕಿದ್ದ ಇನ್ನೊಂದು ಗುರುತನ್ನು ಹಿಡಿಯಿತು. ಎರಡು ದಶಕ ಸರಪಳಿಗಳು ಒಂದರ ಕಾಲಿಗೊಂದು ತೊಡರದೆ ನಡೆಯುವಂತಾದವು.

ಆಮೇಲೆ ಬಂದದ್ದು ನನ್ನ ಮಟ್ಟಿಗೆ ಇನ್ನೂ ಚೆಂದದ ಉಪಾಯ: ದಶಕವನ್ನು ಸಾಗಿಸುವುದನ್ನೇ ಮುಂದೂಡುವುದು. 64 ಬಿಟ್ಟಿನ ಜಾಗದಲ್ಲಿ 52 ಬಿಟ್ ಮಾತ್ರ ತುಂಬಿದರೆ ಹನ್ನೆರಡು ಖಾಲಿ ಉಳಿಯುತ್ತವೆ. ಅಂಥ ನಾಲ್ಕು ಸಾವಿರ ಸಂಖ್ಯೆ ಕೂಡಿದರೂ ಜಾಗ ತುಂಬಿ ಹರಿಯದು. ಏವಿಎಕ್ಸ್-512 ಎಂಬ ಗುಂಪಿನ ಹೊಸ ಆಜ್ಞೆಗಳು ಹೀಗೆ ಎಂಟೆಂಟು ತುಂಡುಗಳನ್ನು ಒಟ್ಟಿಗೇ ಗುಣಿಸಿ ಕೂಡುತ್ತವೆ. ಎಡಕ್ಕೆ ಸಾಗಿಸುವ ಕೆಲಸ ಕೊನೆಯಲ್ಲಿ ಒಮ್ಮೆ. ಕೋಟಿಗಟ್ಟಲೆ ಅಂಕಿಗಳಾದರೆ 1971ರ ಶೋನ್‌ಹಾಗೆ–ಸ್ಟ್ರಾಸೆನ್ ಹಾದಿಯ ಫೂರಿಯೆ ಪರಿವರ್ತನೆ ಬೇಕು. 2024ರಲ್ಲಿ ಸಿಕ್ಕ, 41,024,320 ಅಂಕಿಗಳ ಮರ್ಸೆನ್ ಅವಿಭಾಜ್ಯದ ಪರೀಕ್ಷೆಯ ಹಿಂದೆಯೂ ಇದೇ ಪರಿವರ್ತನೆಯಿದೆ. ಅಲ್ಲಿಯೂ ದಶಕಗಳ ಸರದಿ ಪ್ರತಿ ಗುಣಾಕಾರದ ಕಟ್ಟಕಡೆಗೇ.

ಹಳೆಯ ಕ್ರಮ ಎಲ್ಲಿ ಬಿಡಬೇಕು, ಕರತ್ಸುಬಾ ಎಲ್ಲಿ ಹಿಡಿಯಬೇಕು? ಟೋರ್‌ಬ್ಯೋರ್ನ್ ಗ್ರಾನ್‌ಲುಂಡ್ 1991ರಲ್ಲಿ ಹೊರತಂದ ಉಚಿತ ಜಿಎಂಪಿ ತಂತ್ರಾಂಶದಲ್ಲಿ ಈ ಗಡಿ ಚಿಪ್ಪಿನಿಂದ ಚಿಪ್ಪಿಗೆ ಬೇರೆ. ಹಲವು ಚಿಪ್ಪುಗಳಲ್ಲಿ ಇಪ್ಪತ್ತು-ಮೂವತ್ತು ತುಂಡುಗಳ ಆಸುಪಾಸು. ಸೂತ್ರದಿಂದ ಅದು ಸಿಗುವುದಿಲ್ಲ. ಹೊಸ ಚಿಪ್ಪು ಬಂದಾಗ ಎರಡೂ ಕ್ರಮಗಳನ್ನು ಅದರ ಮೇಲೆ ಓಡಿಸಿ, ಹೊತ್ತು ಅಳೆದು, ಗಡಿಯನ್ನು ಮತ್ತೆ ಗೊತ್ತುಮಾಡುತ್ತಾರೆ.